ಊರಿಗೊಂದೇ ಬಾಣಲೆ

ಏಳು ಗುಡ್ಡದ ಆಚೆ, ಏಳು ಕೆರೆಯ ಈಚೆ ಒಂದು ರಾಜ್ಯವಿತ್ತಂತೆ. ರಾಜ್ಯ ಅಂದರೆ ತೀರ ದೊಡ್ಡದಲ್ಲ. ಒಂದು ಅರಮನೆ, ಅರಮನೆಯ ಸುತ್ತ ಒಂದು ಊರು, ಊರಿನ ಸುತ್ತ ಗದ್ದೆ. ಅಲ್ಲಿ ಭತ್ತ ಬೆಳೆಯುತ್ತಿತ್ತು, ಕಬ್ಬು ಬೆಳೆಯುತ್ತಿತ್ತು, ಎಳ್ಳು ಬೆಳೆಯುತ್ತಿತ್ತು. ಅಕ್ಕಿ, ಬೆಲ್ಲ, ಎಣ್ಣೆ ಮೂರೂ ಒಂದೇ ಕಡೆ ಸಿಕ್ಕರೆ ಜನ ಏನು ಮಾಡುತ್ತಾರೆ? ಕಜ್ಜಾಯ ಮಾಡುತ್ತಾರೆ. ಆ ಊರಿನವರೂ ಅದನ್ನೇ ಮಾಡುತ್ತಿದ್ದರಂತೆ.

ಆದರೆ ಅಲ್ಲಿ ಕಜ್ಜಾಯ ಬರೀ ತಿಂಡಿಯಾಗಿರಲಿಲ್ಲ. ಕಜ್ಜಾಯವಿಲ್ಲದೆ ಯಾವ ಕೆಲಸವೂ ಆಯಿತು ಅನ್ನಿಸಿಕೊಳ್ಳುತ್ತಿರಲಿಲ್ಲ. ಮಗು ಹುಟ್ಟಿದರೆ ಮನೆಯಲ್ಲಿ ಬಾಣಲೆ ಏರಿಸಿ, ತಾಯಿಯೇ ಒಂದು ಕಜ್ಜಾಯ ಕರಿದು, ಅದನ್ನು ಮಗುವಿನ ನಾಲಿಗೆಗೆ ಮುಟ್ಟಿಸಿ, ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಹೆಣ್ಣು ಗಂಡನ ಮನೆಗೆ ಹೊರಟರೆ ಮಡಿಲಲ್ಲಿ ಐದು ಕಜ್ಜಾಯ ಇರಬೇಕು. ಸಾವಾದ ಮನೆಯಲ್ಲಿ ಹನ್ನೆರಡು ದಿನ ಒಲೆಯ ಮೇಲೆ ಬಾಣಲೆ ಏರಬಾರದು. ಹದಿಮೂರನೆಯ ದಿನ ಬೇರೆ ಮನೆಯವರು ಯಾರಾದರೂ ಬಂದು ಬಾಣಲೆ ಇಟ್ಟು, ಕಜ್ಜಾಯ ಕರಿದು, ದುಃಖದಲ್ಲಿದ್ದವರ ಬಾಯಿಗೆ ಒಂದು ತುತ್ತು ಇಡಬೇಕು. ಅವರು ನುಂಗಿದರೆ ಸೂತಕ ಮುಗಿಯಿತು. ದುಃಖ ಮುಗಿಯಿತು ಅಂತಲ್ಲ, ಸೂತಕ ಮುಗಿಯಿತು. ಎರಡೂ ಬೇರೆ ಬೇರೆ ಅನ್ನುವುದು ಆ ಊರಿನ ಎಲ್ಲರಿಗೂ ಗೊತ್ತಿತ್ತಂತೆ.

ರಾಜನಿಗೆ ಗೊತ್ತಿರಲಿಲ್ಲ.

ರಾಜನಿಗೆ ಒಬ್ಬನೇ ಮಗ. ಒಂಬತ್ತು ವರ್ಷದವನು. ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟ. ಹದಿಮೂರನೆಯ ದಿನ ರಾಣಿಯ ಅಣ್ಣ ಪದ್ಧತಿಯಂತೆ ಬಂದು, ಬಾಣಲೆ ಇಟ್ಟು, ಕಜ್ಜಾಯ ಕರಿದು, ರಾಜನ ಬಾಯಿಯ ಹತ್ತಿರ ಹಿಡಿದ.

"ಭಾವ, ಒಂದು ಚೂರು."

ರಾಜ ಬಾಯಿ ಮುಚ್ಚಿಕೊಂಡ.

ಕಜ್ಜಾಯ ಒಂದು ತಿಂಗಳಾದರೂ ಕೆಡುವುದಿಲ್ಲ. ರಾಣಿಯ ಅಣ್ಣ ಮೂರು ದಿನ ಕಾದ. ಕಜ್ಜಾಯ ಕೆಡಲಿಲ್ಲ, ರಾಜ ಬಾಯಿ ತೆರೆಯಲಿಲ್ಲ. ನಾಲ್ಕನೆಯ ದಿನ ಅವನು ತನ್ನ ಊರಿಗೆ ಹೋದ. ರಾಜ ಬಾಯಿ ತೆರೆದದ್ದು ಅವನು ಹೋದ ಮೇಲೆ. ತೆರೆದು ಹೇಳಿದ ಮಾತು ಇಷ್ಟು: "ನನ್ನ ಬಾಯಿ ಸಿಹಿಯಾಗುವವರೆಗೆ ಈ ರಾಜ್ಯದಲ್ಲಿ ಯಾರ ಬಾಯಿಯೂ ಸಿಹಿಯಾಗಬಾರದು. ಯಾವ ಮನೆಯ ಒಲೆಯ ಮೇಲೂ ಬಾಣಲೆ ಏರಬಾರದು."

ಡಂಗುರ ಹೊಡೆಸಿದರು. ಮನೆಮನೆಗೆ ಆಳುಗಳು ಹೋಗಿ ಬಾಣಲೆಗಳನ್ನು ಹೊತ್ತುಕೊಂಡು ಬಂದರು. ಜಾಲರಿ ಸೌಟುಗಳನ್ನೂ ಬಿಡಲಿಲ್ಲ. ಎಲ್ಲವನ್ನೂ ಅರಮನೆಯ ಕಣಜದಲ್ಲಿ ಸುರಿದು ಬೀಗ ಹಾಕಿದರು. ಬೆಲ್ಲವನ್ನು ಮಾತ್ರ ಮನೆಯಲ್ಲಿ ಬಿಟ್ಟರು, ಕಷಾಯಕ್ಕೆ ಬೇಕಾಗುತ್ತದೆ ಅಂತ. ಮಂತ್ರಿ ಬಹಳ ಅಚ್ಚುಕಟ್ಟಿನ ಮನುಷ್ಯ. ಅವನು ರಾಜನ ಮುಂದೆ ನಿಂತು ಕೇಳಿದನಂತೆ:

"ಆಜ್ಞೆ ಮೀರಿದವರಿಗೆ ಶಿಕ್ಷೆ ಏನು, ಮಹಾಸ್ವಾಮಿ?"

"ಕರಿದ ಕೈಯನ್ನು ಕಾದ ಎಣ್ಣೆಯಲ್ಲಿ ಅದ್ದಿ."

"ಎಣ್ಣೆ ಕಾಯಿಸುವುದಕ್ಕೆ ಬಾಣಲೆ ಬೇಕಾಗುತ್ತದೆ."

"ಒಂದು ಇಟ್ಟುಕೊಳ್ಳಿ."

ಹೀಗೆ ಇಡೀ ರಾಜ್ಯಕ್ಕೆ ಒಂದೇ ಬಾಣಲೆ ಉಳಿಯಿತಂತೆ. ಅದನ್ನು ನೋಡಿಕೊಳ್ಳುವುದಕ್ಕೆ ಒಬ್ಬ ಅಧಿಕಾರಿ. ಎಣ್ಣೆಯನ್ನು ತಿಂಗಳಿಗೊಮ್ಮೆ ಬದಲಾಯಿಸಬೇಕು ಅಂತ ನಿಯಮ. ಹಳೆಯ ಎಣ್ಣೆಯಲ್ಲಿ ಶಿಕ್ಷೆ ಕೊಟ್ಟರೆ ರಾಜ್ಯಕ್ಕೆ ಕೆಟ್ಟ ಹೆಸರಲ್ಲವೆ?

ಮೊದಲ ವರ್ಷ ಏಳು ಕೈಗಳನ್ನು ಅದ್ದಿದರು. ಮಡಕೆಯಲ್ಲಿ ಕರಿದವರು, ಹೆಂಚಿನ ಓಡಿನಲ್ಲಿ ಕರಿದವರು, ಹಿತ್ತಲಿನ ಗುಂಡಿಯಲ್ಲಿ ಒಲೆ ಹೂಡಿ ಕರಿದವರು. ಎಲ್ಲಿ ಕರಿದರೇನು, ಕಜ್ಜಾಯದ ವಾಸನೆ ಮೂರು ಬೀದಿ ದಾಟುತ್ತದೆ. ಹಿಟ್ಟು ಎಣ್ಣೆಯಲ್ಲಿ ಮೇಲೆ ತೇಲುವುದರೊಳಗೆ ಆಳುಗಳು ಬಾಗಿಲಲ್ಲಿರುತ್ತಿದ್ದರು. ಕಜ್ಜಾಯವೂ ಹೋಯಿತು, ಕೈಯೂ ಹೋಯಿತು. ಏಳರ ಮೇಲೆ ಎಂಟನೆಯವರು ಯಾರೂ ಪ್ರಯತ್ನಿಸಲಿಲ್ಲ.

ಎರಡನೆಯ ವರ್ಷ ಮಂತ್ರಿಗೆ ಒಂದು ವಿಷಯ ಹೊಳೆಯಿತಂತೆ. ರಾಜನ ಬಾಯಿ ಸಿಹಿಯಾಗಬೇಕಾದರೆ ಬೇರೆ ಮನೆಯವರು ಬಾಣಲೆ ಇಡಬೇಕು. ಬಾಣಲೆ ಇಟ್ಟವರ ಕೈ ಎಣ್ಣೆಗೆ ಹೋಗುತ್ತದೆ. ಹಾಗಾಗಿ ರಾಜನ ಬಾಯಿ ಸಿಹಿಯಾಗುವುದೇ ಇಲ್ಲ, ಆಜ್ಞೆ ಮುಗಿಯುವುದೇ ಇಲ್ಲ. ಇದನ್ನು ರಾಜನಿಗೆ ಹೇಳಬೇಕಾಗಿತ್ತು. ಆದರೆ ಮಂತ್ರಿಗೆ ಎರಡು ಕೈಗಳಿದ್ದವು, ಎರಡರ ಮೇಲೂ ಅವನಿಗೆ ಪ್ರೀತಿಯಿತ್ತು.

ಹೀಗೆ ಹನ್ನೆರಡು ವರ್ಷ ಕಳೆಯಿತಂತೆ.

ಹನ್ನೆರಡು ವರ್ಷದಲ್ಲಿ ಒಂದು ಮದುವೆಯೂ ಆಗಲಿಲ್ಲ. ಸತ್ತವರ ಮನೆಗಳು ಹದಿಮೂರನೆಯ ದಿನದಲ್ಲೇ ನಿಂತುಬಿಟ್ಟವು. ಹುಟ್ಟಿದ ಮಕ್ಕಳಿಗೆ ಹೆಸರಿಲ್ಲ. "ಬೆಲ್ಲದ ಚೂರು ಇಟ್ಟು ಹೆಸರು ಹೇಳಿದರೆ ಆಗಲ್ಲವಾ?" ಅಂತ ಒಬ್ಬ ಕೇಳಿದನಂತೆ. "ನಿಮ್ಮಜ್ಜಿ ಹಾಗೆ ಮಾಡಿದ್ದಳಾ?" ಅಂತ ಇನ್ನೊಬ್ಬ ಕೇಳಿದ. ಮಾಡಿರಲಿಲ್ಲ. ಅಲ್ಲಿಗೆ ಆ ಚರ್ಚೆ ಮುಗಿಯಿತು. ಎಲ್ಲ ಮಕ್ಕಳನ್ನೂ ಕೂಸು ಅಂತ ಕರೆದರು. ಸಂಜೆ ಯಾರಾದರೂ ತಾಯಿ ಬಾಗಿಲಿಗೆ ಬಂದು "ಕೂಸೇ, ಊಟಕ್ಕೆ ಬಾ" ಅಂದರೆ ಬೀದಿಯಲ್ಲಿ ಆಡುತ್ತಿದ್ದ ಹತ್ತು ಹನ್ನೊಂದು ಮಕ್ಕಳು ತಿರುಗಿ ನೋಡುತ್ತಿದ್ದವು.

ಬದುಕಿದ್ದವರ ಪಾಡು ಹೇಗೋ ನಡೆಯಿತು. ಕಷ್ಟವಾದದ್ದು ಸತ್ತವರಿಗೆ.

ಹಿರಿಯರ ಹಬ್ಬದ ದಿನ ಸತ್ತವರಿಗೆ ಎಡೆ ಇಟ್ಟು, ಅವರ ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಬರಬೇಕು. ಹೆಸರು ಕೇಳಿದವರು ಬಂದು ಉಂಡು ಹೋಗುತ್ತಾರೆ. ಹೆಸರಿಲ್ಲದೆ ಸತ್ತ ಮಕ್ಕಳನ್ನು ಏನಂತ ಕರೆಯುವುದು? ನೇಕಾರರ ಬೀದಿಯ ಮಾರಕ್ಕ ಅನ್ನುವವಳ ಮಗು ಎರಡು ವರ್ಷಕ್ಕೆ ಸತ್ತಿತ್ತು. ಅವಳು ಎಡೆ ಇಟ್ಟು "ಕೂಸೇ, ಬಾರೋ" ಅಂದಳು. ಬಾಗಿಲು ಮುಚ್ಚಿದಳು. ಒಳಗೆ ಸದ್ದಾಯಿತು. ಒಂದು ಮಗುವಿನ ಸದ್ದಲ್ಲ. ಬಾಗಿಲು ತೆರೆದು ನೋಡಿದರೆ ನೆಲದ ತುಂಬ ಪುಟ್ಟ ಹೆಜ್ಜೆ, ಎಲೆಯ ಮೇಲೆ ಒಂದು ಅಗುಳಿಲ್ಲ, ಎಲೆಯ ಅಂಚನ್ನೂ ಕಿತ್ತು ತಿಂದಿದ್ದವಂತೆ. ಊರಿನ ಹೆಸರಿಲ್ಲದ ಮಕ್ಕಳೆಲ್ಲ ಬಂದಿದ್ದವು. ಅವಳ ಮಗುವಿಗೆ ಸಿಕ್ಕಿತೋ ಇಲ್ಲವೋ ಹೇಳುವವರಿಲ್ಲ. ಮಾರಕ್ಕ ಮಾರನೆಯ ವರ್ಷ ಎಡೆ ಇಡಲಿಲ್ಲ.

ಮಾರಕ್ಕನ ಪಕ್ಕದ ಮನೆಯಲ್ಲಿ ದೇವೀರಿ ಅಂತ ಒಬ್ಬಳಿದ್ದಳು. ಗಂಡ ಲಕ್ಕಯ್ಯ, ಮಗ್ಗದವನು. ಅವರಿಗೆ ಒಬ್ಬಳೇ ಮಗಳು. ರಾಜನ ಆಜ್ಞೆಯಾದ ಮಾರನೆಯ ತಿಂಗಳು ಹುಟ್ಟಿದವಳು, ಈಗ ಹನ್ನೆರಡು ವರ್ಷ. ಆ ಹುಡುಗಿಗೆ ಕೆಮ್ಮು ಹಿಡಿಯಿತು, ಕೆಮ್ಮಿನ ಮೇಲೆ ಜ್ವರ ಹಿಡಿಯಿತು, ಜ್ವರ ಹೋಗಲಿಲ್ಲ, ಮೈಯಲ್ಲಿದ್ದ ಮಾಂಸ ಹೋಯಿತು. ವೈದ್ಯ ಬಂದು ನಾಡಿ ನೋಡಿ, ಹೊರಗೆ ಜಗಲಿಯ ಮೇಲೆ ಲಕ್ಕಯ್ಯನಿಗೆ ಹೇಳಿದ: "ಅಮಾವಾಸ್ಯೆ ದಾಟಲ್ಲ." ಅಮಾವಾಸ್ಯೆಗೆ ಎಂಟು ದಿನವಿತ್ತು. ಜಗಲಿಗೂ ಒಳಕೋಣೆಗೂ ನಡುವೆ ಇದ್ದದ್ದು ಒಂದು ತಡಿಕೆ.

ಹುಡುಗಿ ತಾಯಿಯನ್ನು ಕೇಳಿದಳಂತೆ: "ಅವ್ವಾ, ನಾನು ಸತ್ತ ಮೇಲೆ ನನ್ನನ್ನು ಏನಂತ ಕರೀತೀಯ?"

"ಸಾಯೋ ಮಾತಾಡಬೇಡ."

"ಸಾಯೋ ಮಾತಲ್ಲ, ಕರೆಯೋ ಮಾತು. ಕೂಸೇ ಅಂದ್ರೆ ಎಲ್ಲಾ ಬರ್ತವೆ. ನಾನು ನೂಕಾಡೋಳಲ್ಲ, ನಿನಗೆ ಗೊತ್ತಲ್ಲ. ನನಗೆ ಏನೂ ಸಿಗಲ್ಲ."

ದೇವೀರಿ ಎದ್ದು ಹೋಗಿ ಅಕ್ಕಿ ನೆನೆಹಾಕಿದಳು.

ಅವಳ ಮನಸ್ಸಿನಲ್ಲಿ ಒಂದು ಹೆಸರಿತ್ತು. ಹನ್ನೆರಡು ವರ್ಷದಿಂದ ಇತ್ತು. ಗಂಡನಿಗೂ ಹೇಳಿರಲಿಲ್ಲ. ಕಜ್ಜಾಯ ಮುಟ್ಟಿಸದೆ ಹೆಸರನ್ನು ಬಾಯಿಂದ ಹೊರಗೆ ಬಿಟ್ಟರೆ ಅದು ಬೇರೆ ಯಾರಿಗೋ ಹೋಗಿ ಅಂಟಿಕೊಳ್ಳುತ್ತದೆ ಅನ್ನುವುದು ಅವರ ನಂಬಿಕೆ.

ಕಜ್ಜಾಯ ಅವಸರದ ತಿಂಡಿಯಲ್ಲ. ಅಕ್ಕಿಯನ್ನು ಮೂರು ದಿನ ನೆನೆಸಬೇಕು, ದಿನಕ್ಕೊಮ್ಮೆ ನೀರು ಬದಲಿಸಬೇಕು. ಆಮೇಲೆ ನೆರಳಲ್ಲಿ ಬಟ್ಟೆಯ ಮೇಲೆ ಹರಡಿ, ಪೂರ್ತಿ ಒಣಗುವುದಕ್ಕೆ ಬಿಡದೆ ಕುಟ್ಟಬೇಕು. ಬೆಲ್ಲದ ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆದು ಚೂರಾಗುತ್ತದೆ, ಬಲಿತರೆ ಕಲ್ಲಾಗುತ್ತದೆ. ಪಾಕಕ್ಕೆ ಹಿಟ್ಟು ಹಾಕಿ ಕಲಸಿ ಒಂದು ದಿನ ಸುಮ್ಮನೆ ಬಿಡಬೇಕು. ಸಾಯುವವರ ಮನೆಯಲ್ಲಿ ಇಷ್ಟೆಲ್ಲ ನಿಧಾನವಾಗಿ ಮಾಡುವುದು ಎಷ್ಟು ಕಷ್ಟ ಅಂತ ಯೋಚಿಸಿ ನೋಡಿ. ದೇವೀರಿ ಒಂದು ದಿನವನ್ನೂ ಕಡಿಮೆ ಮಾಡಲಿಲ್ಲವಂತೆ.

ನಾಲ್ಕನೆಯ ದಿನ ಒರಳಿನಲ್ಲಿ ಕುಟ್ಟುತ್ತಿದ್ದಾಗ ಮಾರಕ್ಕ ಬಂದಳು.

"ಏನೇ ಕುಟ್ತಿದ್ದೀಯ?"

"ಅಕ್ಕಿ."

"ಯಾತಕ್ಕೆ?"

"ರೊಟ್ಟಿಗೆ."

ಮಾರಕ್ಕ ಹಿಟ್ಟನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಹಿಟ್ಟು ಮುದ್ದೆ ಕಟ್ಟಿತು.

"ರೊಟ್ಟಿ ಹಿಟ್ಟು ಇಷ್ಟು ಹಸಿಯಾಗಿರುತ್ತಾ? ನನಗೆ ಎರಡು ಹಲ್ಲು ಬಿದ್ದಿದೆ ಅಷ್ಟೇ, ಬುದ್ಧಿ ಬಿದ್ದಿಲ್ಲ."

ದೇವೀರಿ ಒನಕೆ ನಿಲ್ಲಿಸಿ ಅವಳ ಮುಖ ನೋಡಿದಳು. ಮಾರಕ್ಕ ಮನೆಗೆ ಹೋಗಿ ತನ್ನ ಒನಕೆ ತಂದು ಎದುರಿಗೆ ನಿಂತು ಕುಟ್ಟತೊಡಗಿದಳಂತೆ. ಪಾಕ ಕಾಯಿಸುವಾಗ ವಾಸನೆ ಹೊರಗೆ ಹೋಗದಿರಲಿ ಅಂತ ಒಲೆಗೆ ಮೆಣಸು, ಶುಂಠಿ ಸುರಿದವಳೂ ಅವಳೇ. ಬೀದಿಯಲ್ಲಿ ಹೋಗುತ್ತಿದ್ದ ಆಳು ಕೆಮ್ಮಿ, "ಏನಮ್ಮಾ, ಕಷಾಯವಾ?" ಅಂದ. "ಹೂನಪ್ಪ, ಮಗುಗೆ ಹುಷಾರಿಲ್ಲ," ಅಂದಳು ಮಾರಕ್ಕ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಹಿಟ್ಟು ಹದಕ್ಕೆ ಬಂದಿತ್ತು. ಲಕ್ಕಯ್ಯ ಅದನ್ನು ನೋಡಿ ಕೇಳಿದ: "ಹಿಟ್ಟೇನೋ ಆಯ್ತು. ಎಲ್ಲಿ ಕರೀತೀಯ? ಇಲ್ಲಿ ಎಣ್ಣೆಗೆ ಬಿಟ್ಟ ಕೂಡಲೆ ಅವರು ಬಂದು ಕಿತ್ಕೋತಾರೆ."

"ಅವರು ಬಂದು ಕಿತ್ಕೊಳ್ಳೋ ಜಾಗದಲ್ಲಿ ಕರೀಬಾರದು. ಅವರೇ ಕಾಯಿಸಿ ಕೊಡೋ ಜಾಗದಲ್ಲಿ ಕರೀಬೇಕು."

ಲಕ್ಕಯ್ಯನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಹಿಟ್ಟಿನ ಪಾತ್ರೆಗೆ ಕೈ ಚಾಚಿದ.

"ನಾನು ಹೋಗ್ತೀನಿ. ನನ್ನ ಕೈ ಹೋಗಲಿ."

"ನಿನಗೆ ತಟ್ಟೋದಕ್ಕೆ ಬರಲ್ಲ."

"ಹೇಳಿಕೊಡು."

"ಹನ್ನೆರಡು ವರ್ಷದಿಂದ ಮುದ್ದೆ ಕಟ್ಟೋದು ಹೇಳಿಕೊಡ್ತಿದ್ದೀನಿ, ಬಂತಾ? ಹೆಸರಿನ ಕಜ್ಜಾಯ ತಾಯಿ ಕೈದೇ ಆಗಬೇಕು. ಮಗ್ಗಕ್ಕೂ ಎರಡು ಕೈ ಬೇಕು. ನೀನು ಮಗೂನ ಎತ್ತಿ ಕೂರಿಸ್ಕೊಂಡಿರು. ನಾನು ಬರೋವರೆಗೂ ಮಾತಾಡಿಸ್ತಾ ಇರು, ನಿದ್ದೆ ಮಾಡೋದಕ್ಕೆ ಬಿಡಬೇಡ."

ದೇವೀರಿ ಬಲಗೈಗೆ ತುಪ್ಪ ಸವರಿಕೊಂಡು, ಹಿಟ್ಟಿನ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದು, ಅರಮನೆಗೆ ಹೋದಳು.

ಶಿಕ್ಷೆಯ ಅಧಿಕಾರಿ ಹನ್ನೊಂದು ವರ್ಷದಿಂದ ಕೆಲಸವಿಲ್ಲದೆ ಕೂತಿದ್ದ. ದಿನಾ ಬಂದು ಬಾಣಲೆ ಒರೆಸುತ್ತಿದ್ದ, ಮಧ್ಯಾಹ್ನ ಊಟ ಮಾಡುತ್ತಿದ್ದ, ಮನೆಗೆ ಹೋಗುತ್ತಿದ್ದ. ಕಾವಲಿನವನು ಒಬ್ಬ ಹೆಂಗಸನ್ನು ತಂದು ಎದುರಿಗೆ ನಿಲ್ಲಿಸಿದಾಗ ಅವನಿಗೆ ತನ್ನ ಕೆಲಸ ಏನು ಅನ್ನುವುದನ್ನು ನೆನಪಿಸಿಕೊಳ್ಳಬೇಕಾಯಿತಂತೆ.

"ಏನು?"

"ಕಜ್ಜಾಯ ಕರಿಯೋ ತಪ್ಪು ನಂದು. ಶಿಕ್ಷೆ ಕೊಡಿ."

"ಯಾವಾಗ ಕರಿದೆ?"

"ಇವತ್ತಿನ ದಿನದ್ದು."

"ವಾಸನೆ ಬರಲಿಲ್ಲವಲ್ಲ."

"ಬರುತ್ತೆ."

"ದೂರು ಕೊಟ್ಟವರಿಲ್ಲ, ಕಂಡವರಿಲ್ಲ. ಹೀಗೆ ಬಂದು ನಿಂತರೆ ಹೇಗಮ್ಮಾ?"

"ತಪ್ಪು ಒಪ್ಕೊಂಡೋರನ್ನ ವಾಪಸ್ಸು ಕಳಿಸಬೇಕು ಅಂತ ನಿಯಮ ಇದೆಯಾ?"

ಅಧಿಕಾರಿ ಯೋಚಿಸಿದ. ಅಂಥ ನಿಯಮ ಇರಲಿಲ್ಲ. ಇಂಥವಳು ಒಬ್ಬಳು ಬರಬಹುದು ಅಂತ ನಿಯಮ ಮಾಡಿದವರಿಗೆ ಹೊಳೆದಿರಲಿಲ್ಲ.

"ಮುಷ್ಟಿಯಲ್ಲಿ ಏನದು?"

"ಕೈಯನ್ನೇ ಮುಚ್ಕೊಂಡಿದ್ದೀನಿ. ಇನ್ನು ಸ್ವಲ್ಪ ಹೊತ್ತು ಇರೋ ಕೈ, ಗಾಳಿ ತಾಗೋದು ಬೇಡ ಅಂತ."

ರಾಜನಿಗೆ ಸುದ್ದಿ ಹೋಯಿತು. ಶಿಕ್ಷೆ ನಡೆಯುವಾಗ ರಾಜ ಎದುರಿಗೆ ಇರಬೇಕು ಅನ್ನುವ ನಿಯಮ ಮಾತ್ರ ಇತ್ತು. ಅಂಗಳದಲ್ಲಿ ಒಲೆ ಉರಿಸಿ, ಆಳುಗಳು ಬಾಣಲೆ ಏರಿಸಿ, ಎಣ್ಣೆ ಸುರಿದರು. ರಾಜ ಬಂದು ಕೂತ. ಬಿಳಿ ಗಡ್ಡ, ಕೆಳಗೆ ಜೋತ ತುಟಿ. ಪಕ್ಕದಲ್ಲಿ ಮಂತ್ರಿ. ದೇವೀರಿ ಅವರನ್ನು ನೋಡಲಿಲ್ಲ, ಬಾಣಲೆಯೊಳಗೆ ಬಗ್ಗಿ ನೋಡಿದಳು.

"ಹೊಗೆ ಬರ್ತಿದೆ. ಉರಿ ಸಣ್ಣ ಮಾಡಿ. ಇಷ್ಟು ಕಾದ್ರೆ ಮೇಲೆ ಸೀದು ಒಳಗೆ ಹಸಿ ಉಳಿಯುತ್ತೆ."

ಅಧಿಕಾರಿ, ಅವಳು ತನ್ನ ಕೈಯ ಬಗ್ಗೆ ಹೇಳುತ್ತಿದ್ದಾಳೆ ಅಂದುಕೊಂಡನಂತೆ. "ಉರಿ ದೊಡ್ಡದೇ ಇರಬೇಕು, ನಿಯಮ," ಅಂದ.

ದೇವೀರಿ ಮುಷ್ಟಿ ಬಿಚ್ಚಿ, ಉಂಡೆಯನ್ನು ಎಡಗೈಯಿಂದ ಬಲ ಅಂಗೈಯ ಮೇಲೆ ತಟ್ಟಿದಳು. ಗುಂಡಗೆ, ಅಂಚು ಸಮವಾಗಿ. ಅವಸರ ಮಾಡಲಿಲ್ಲ. ಎಲ್ಲರೂ ನೋಡುತ್ತಿದ್ದರು, ಯಾರಿಗೂ ಏನೂ ತೋಚಲಿಲ್ಲ. ಅಧಿಕಾರಿ ಅವಳ ಮಣಿಕಟ್ಟು ಹಿಡಿದು, ಮೂರು ಎಣಿಸುವಷ್ಟು ಹೊತ್ತು ಎಣ್ಣೆಯಲ್ಲಿ ಅದ್ದಿದ.

ಅವಳು ಕೂಗಲಿಲ್ಲ ಅಂತ ಈ ಕಥೆ ಹೇಳುವವರು ಕೆಲವರು ಹೇಳುತ್ತಾರೆ. ಅದು ಸುಳ್ಳು. ಕೂಗಿದಳು. ಮೂರು ಬೀದಿಗೆ ಕೇಳಿಸಿತು. ಕೂಗಿನ ಹಿಂದೆಯೇ ಕಜ್ಜಾಯದ ವಾಸನೆಯೂ ಮೂರು ಬೀದಿಗೆ ಹೋಯಿತು.

ಕೈ ಹೊರಗೆ ಬಂತು. ಅಂಗೈಯಿಂದ ಬಿಟ್ಟುಕೊಂಡ ಕಜ್ಜಾಯ ಎಣ್ಣೆಯಲ್ಲಿ ಮುಳುಗಿ, ಒಂದು ಕ್ಷಣ ಕಾಣದಾಗಿ, ಆಮೇಲೆ ಉಬ್ಬಿ ಮೇಲೆ ತೇಲಿತು. ಒಡೆದಿರಲಿಲ್ಲ. ಪಾಕ ಅಷ್ಟು ಹದವಾಗಿತ್ತು.

ದೇವೀರಿ ನೆಲದ ಮೇಲೆ ಕುಸಿದು ಕೂತಿದ್ದಳು. ಅಲ್ಲಿಂದಲೇ ಹೇಳಿದಳು: "ತಿರುವಿ ಹಾಕಿ. ಇನ್ನೊಂದು ಮಗ್ಗುಲು ಬೇಯಬೇಕು."

ಸೌಟು ಎಲ್ಲಿದೆ? ಹನ್ನೆರಡು ವರ್ಷದಿಂದ ಕಣಜದಲ್ಲಿದೆ. ಅವಳನ್ನು ಒಳಗೆ ಕರೆತಂದ ಕಾವಲಿನವನು ಅಲ್ಲೇ ನಿಂತಿದ್ದ. ಅವನ ಮನೆಯಲ್ಲಿ ಮೂರು ಕೂಸುಗಳಿದ್ದವು. ಅವನು ಯಾರನ್ನೂ ಕೇಳಲಿಲ್ಲ. ಮುಂದೆ ಬಂದು ಭರ್ಜಿಯ ತುದಿಯಿಂದ ಕಜ್ಜಾಯವನ್ನು ತಿರುವಿ ಹಾಕಿದ. ಬೆಂದ ಮೇಲೆ ಅದೇ ತುದಿಯಿಂದ ಎತ್ತಿ, ಎಣ್ಣೆ ಸೋರಿಸಿ, ಅವಳ ಸೆರಗಿಗೆ ಹಾಕಿದ.

ಮಂತ್ರಿಗೆ ಆಗ ಮಾತು ಬಂತು. "ಮಹಾಸ್ವಾಮಿ, ಅದನ್ನು ಕಿತ್ತುಕೊಳ್ಳಬೇಕು. ಕಾನೂನಿದೆ."

"ಕಾನೂನು ಬಾಣಲೆ ಇಟ್ಟೋರಿಗೆ," ಅಂದಳು ದೇವೀರಿ. "ಈ ಬಾಣಲೆ ಇಟ್ಟೋರು ಯಾರು? ಉರಿ ಹಾಕಿದೋರು ಯಾರು? ನಾನಲ್ಲ. ನನ್ನ ಕೈ ತಗೊಂಡಾಯ್ತು. ಇನ್ನುಳಿದ ಕೈ ಯಾರದ್ದು ಅಂತ ನೀವು ನೀವೇ ಮಾತಾಡ್ಕೊಳ್ಳಿ."

ಮಂತ್ರಿ ತನ್ನ ಎರಡೂ ಕೈಗಳನ್ನು ಶಲ್ಯದೊಳಗೆ ಸೇರಿಸಿಕೊಂಡನಂತೆ.

ರಾಜ ಕಜ್ಜಾಯವನ್ನೇ ನೋಡುತ್ತಿದ್ದ. ಮೂಗಿನ ಹೊಳ್ಳೆ ಅದುರುತ್ತಿತ್ತು.

"ಯಾರಿಗೆ ಅದು?"

"ಮಗಳಿಗೆ. ಹನ್ನೆರಡು ವರ್ಷ. ಹೆಸರಿಲ್ಲ. ಇವತ್ತೋ ನಾಳೆಯೋ ಅನ್ನೋ ಹಾಗಿದಾಳೆ."

"ನನ್ನ ಮಗನಿಗೆ ಒಂಬತ್ತು."

"ಗೊತ್ತು. ಊರಿಗೆಲ್ಲ ಗೊತ್ತು. ಹನ್ನೆರಡು ವರ್ಷದಿಂದ ನಮಗೆ ಗೊತ್ತಿರೋದು ಅದೊಂದೇ."

ರಾಜ "ಹೋಗು," ಅಂದ.

ಅವಳು ಮನೆಗೆ ಬಂದಾಗ ಹುಡುಗಿ ಅಪ್ಪನ ತೊಡೆಯ ಮೇಲೆ ಒರಗಿದ್ದಳು. ಲಕ್ಕಯ್ಯನಿಗೆ ಗೊತ್ತಿದ್ದ ಮಾತೆಲ್ಲ ಮುಗಿದು, ಅವನು ಮಗ್ಗದ ಕೋಲುಗಳ ಲೆಕ್ಕ ಹೇಳುತ್ತಿದ್ದನಂತೆ. ದೇವೀರಿ ಎಡಗೈಯಲ್ಲಿ ಕಜ್ಜಾಯ ಎತ್ತಿದಳು. ಎಡಗೈಯಲ್ಲಿ ಹೆಸರಿಡಬಾರದು. ಮಾರಕ್ಕ ಬಾಗಿಲಲ್ಲಿ ನಿಂತವಳು ಒಳಗೆ ಬಂದು, ಬಟ್ಟೆ ಸುತ್ತಿದ್ದ ಅವಳ ಬಲಗೈಯನ್ನು ಮೊಣಕೈಯ ಹತ್ತಿರ ಹಿಡಿದು ಎತ್ತಿ, ಅದರ ಮೇಲೆ ಕಜ್ಜಾಯ ಇಟ್ಟು, ಮಗುವಿನ ಬಾಯಿಯವರೆಗೆ ಒಯ್ದಳು.

ಹುಡುಗಿ ಒಂದು ಚೂರು ಕಚ್ಚಿದಳು. ದೇವೀರಿ ಅವಳ ಕಿವಿಗೆ ಬಾಯಿಟ್ಟು ಮೂರು ಸಲ ಹೇಳಿದಳು: "ಚೆನ್ನಾಜಿ. ಚೆನ್ನಾಜಿ. ಚೆನ್ನಾಜಿ."

ಹುಡುಗಿ ನಿಧಾನವಾಗಿ ಜಗಿದು ನುಂಗಿದಳು.

"ಹೇಗಿದೆಯೇ?" ಅಂದ ಲಕ್ಕಯ್ಯ.

"ಸ್ವಲ್ಪ ಸೀದಿದೆ."

"ಅವರಿಗೆ ಉರಿ ಸಣ್ಣ ಮಾಡೋದಕ್ಕೆ ಬರಲ್ಲ," ಅಂದಳು ದೇವೀರಿ.

"ಚೆನ್ನಾಜಿ," ಅಂದಳು ಹುಡುಗಿ, ಹೊಸ ಬಟ್ಟೆಯನ್ನು ಮೈಗೆ ಹಿಡಿದು ನೋಡುವವರ ಹಾಗೆ. ಸ್ವಲ್ಪ ಹೊತ್ತಿನ ಮೇಲೆ, "ಪರವಾಗಿಲ್ಲ," ಅಂದಳು.

ಅವಳಿಗೆ ಒಂದು ಚೂರಿನ ಮೇಲೆ ತಿನ್ನುವುದಕ್ಕೆ ಆಗಲಿಲ್ಲ. ಉಳಿದದ್ದು ಮುಕ್ಕಾಲು ಕಜ್ಜಾಯ. ಅಷ್ಟರೊಳಗೆ ವಾಸನೆ ಹಿಡಿದು ಬೀದಿಯ ಹೆಂಗಸರೆಲ್ಲ ಮಕ್ಕಳನ್ನು ಎಳೆದುಕೊಂಡು ಬಾಗಿಲಿಗೆ ಬಂದಿದ್ದರು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಹುಡುಗಿಯೇ ಕೇಳಿದಳು: "ಅದನ್ನ ಅವರಿಗೆ ಕೊಟ್ಟರೆ ನನ್ನ ಹೆಸರು ಕಡಿಮೆ ಆಗುತ್ತಾ ಅವ್ವಾ?"

"ಆಗಲ್ಲ."

"ಹಾಗಾದ್ರೆ ಕೊಡು. ಇಲ್ಲೇ ನಿಂತ್ಕೊಂಡು ನನ್ನನ್ನ ನೋಡ್ತಾ ಇದ್ದಾರೆ."

ಮುಕ್ಕಾಲು ಕಜ್ಜಾಯದಲ್ಲಿ ನಲವತ್ತು ಮಕ್ಕಳಿಗೆ ಹೆಸರಾಯಿತಂತೆ. ಒಬ್ಬೊಬ್ಬರಿಗೆ ಎಳ್ಳಿನಷ್ಟು. ಹೆಸರಿನ ಕಜ್ಜಾಯ ಅವರವರ ತಾಯಿ ಕರಿದದ್ದೇ ಆಗಬೇಕು ಅನ್ನುವ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ. ಕಾವಲಿನವನೂ ತನ್ನ ಮೂರು ಮಕ್ಕಳನ್ನು ಕರೆತಂದಿದ್ದ. ದೊಡ್ಡವನು ಅಪ್ಪನ ಹೆಗಲೆತ್ತರ ಬೆಳೆದಿದ್ದ, ನಾಚಿಕೊಂಡು ನಾಲಿಗೆ ಚಾಚಿದ. ದೀಪ ಹಚ್ಚುವ ಹೊತ್ತಿಗೆ ಬೀದಿಯ ತುಂಬ ಹೊಸ ಹೆಸರುಗಳು. ತಾಯಂದಿರು ಸುಮ್ಮಸುಮ್ಮನೆ ಮಕ್ಕಳನ್ನು ಕರೆಯುತ್ತಿದ್ದರು, ಒಂದೊಂದೇ ಮಗು ತಿರುಗಿ ನೋಡುತ್ತಿತ್ತು. ಚೆನ್ನಾಜಿ ಆ ಕರೆಗಳನ್ನು ಕೇಳುತ್ತ ಕೇಳುತ್ತ ಕಣ್ಣು ಮುಚ್ಚಿದಳು. ಅಮಾವಾಸ್ಯೆಗೆ ಇನ್ನೂ ಎರಡು ದಿನವಿತ್ತು. ವೈದ್ಯ ಹೇಳಿದ್ದು ತಪ್ಪಾಗಲಿಲ್ಲ.

ಹನ್ನೆರಡು ದಿನ ಕಳೆಯಿತು. ಹದಿಮೂರನೆಯ ದಿನ ಬಂತು. ಬೇರೆ ಮನೆಯವರು ಬಂದು ದೇವೀರಿಯ ಒಲೆಯ ಮೇಲೆ ಬಾಣಲೆ ಇಡಬೇಕು. ಯಾರ ಮನೆಯಲ್ಲಿ ಬಾಣಲೆಯಿದೆ? ಬೀದಿಯವರು ತಲೆ ತಗ್ಗಿಸಿ ಜಗಲಿಯ ಮೇಲೆ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ತುದಿಯಲ್ಲಿ ಒಬ್ಬ ಮುದುಕ ಬಾಣಲೆ ಹೊತ್ತುಕೊಂಡು ಬರುತ್ತಿದ್ದ. ಕಂಕುಳಲ್ಲಿ ಹಿಟ್ಟಿನ ಗಂಟು, ಬೆಲ್ಲದ ಗಂಟು. ಹತ್ತಿರ ಬಂದ ಮೇಲೆ ನೋಡಿದರೆ ಅವನು ರಾಜ.

ಜನ ಎದ್ದು ನಿಂತರು. ರಾಜ ಯಾರನ್ನೂ ನೋಡದೆ ಬಾಗಿಲಲ್ಲಿ ನಿಂತು ಹೇಳಿದ: "ನಾನು ಬೇರೆ ಮನೆಯವನು."

ದೇವೀರಿ ಒಳಗಿನಿಂದ ಕೇಳಿದಳು: "ಪಾಕ ತೆಗೆಯೋದಕ್ಕೆ ಬರುತ್ತಾ?"

"ಬರಲ್ಲ."

"ಬನ್ನಿ, ಹೇಳ್ತೀನಿ."

ರಾಜ ಒಲೆ ಊದಿದ. ಹೊಗೆ ಕಣ್ಣಿಗೆ ಹೋಯಿತು. ಮೊದಲ ಪಾಕ ಬಲಿತು ಕಲ್ಲಾಯಿತು. ಎರಡನೆಯ ಪಾಕ ಎಳೆಯದಾಯಿತು, ಕಜ್ಜಾಯ ಎಣ್ಣೆಯಲ್ಲಿ ಒಡೆದು ಮರಳಿನ ಹಾಗೆ ತಳಕ್ಕೆ ಕೂತಿತು. ದೇವೀರಿ ಗೋಡೆಗೆ ಒರಗಿ ಕೂತು, "ಇನ್ನೊಂದು ಸಲ," ಅನ್ನುತ್ತಿದ್ದಳು. ಹಿಟ್ಟನ್ನು ಒಂದು ದಿನ ಬಿಡಬೇಕು ಅನ್ನುವ ನಿಯಮವನ್ನು ಅವತ್ತು ಅವಳೇ ಬಿಟ್ಟುಕೊಟ್ಟಳಂತೆ. ಮೂರನೆಯ ಸಲ ಒಂದು ಕಜ್ಜಾಯ ಉಳಿಯಿತು. ಕಪ್ಪಗಿತ್ತು, ಸೊಟ್ಟಗಿತ್ತು. ರಾಜ ಅದನ್ನು ಮುರಿದು ಅವಳ ಬಾಯಿಯ ಹತ್ತಿರ ಹಿಡಿದ.

"ತಾಯೀ, ಒಂದು ಚೂರು."

ದೇವೀರಿ ಬಾಯಿ ಮುಚ್ಚಿಕೊಂಡಳು.

ರಾಜ ಹಿಡಿದುಕೊಂಡೇ ಇದ್ದ. ಬಾಗಿಲಲ್ಲಿ ಬೀದಿಯ ಜನ ನಿಂತಿದ್ದರು. ಅವನ ತೋಳು ಸೋತಿತು. ಇನ್ನೊಂದು ಕೈಯಿಂದ ಆ ತೋಳನ್ನು ಹಿಡಿದುಕೊಂಡು ನಿಂತ. ಇಳಿಸಲಿಲ್ಲ. ಅವಳೂ ಅವನ ಮುಖವನ್ನೇ ನೋಡುತ್ತ ಕೂತಳು. ಕಜ್ಜಾಯ ತಣ್ಣಗಾಯಿತು. ಮಗನಿಗಾಗಿ ಅಳದಿದ್ದ ರಾಜ ಆಗ ಅತ್ತನಂತೆ, ಕೈ ಚಾಚಿಕೊಂಡೇ.

ಕೊನೆಗೆ ಲಕ್ಕಯ್ಯ ಮೆಲ್ಲಗೆ ಹೇಳಿದ: "ದೇವೀರಿ, ನೀನೂ ಬಾಯಿ ಮುಚ್ಕೊಂಡ್ರೆ ನಾನು ಯಾರ ಜೊತೆ ಮಾತಾಡಲಿ?"

ಅವಳು ಬಾಯಿ ತೆರೆದಳು. ಜಗಿದಳು. ನುಂಗಿದಳು.

"ಪಾಕ ಕೆಟ್ಟಿದೆ," ಅಂದಳು.

ಆಮೇಲೆ ಉಳಿದ ತುಂಡನ್ನು ಎಡಗೈಯಲ್ಲಿ ಎತ್ತಿ ರಾಜನ ಬಾಯಿಗೆ ಹಿಡಿದಳು. ಎಡಗೈಯಿಂದ ಕೊಡುವುದು ಅಪಶಕುನ, ಆ ಊರಿನಲ್ಲಿ ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ರಾಜ ಬಾಯಿ ತೆರೆದ.

ಮಾರನೆಯ ದಿನ ಕಣಜದ ಬೀಗ ತೆಗೆದರಂತೆ. ಹನ್ನೆರಡು ವರ್ಷದಲ್ಲಿ ಬಾಣಲೆಗಳೆಲ್ಲ ತುಕ್ಕು ಹಿಡಿದು ಜರಡಿಯಾಗಿದ್ದವು. ಕಮ್ಮಾರ ಹೊಸದನ್ನು ಬಡಿದು ಕೊಡುವವರೆಗೆ ಇಡೀ ಊರು ಆ ಒಂದೇ ಬಾಣಲೆಯನ್ನು ಮನೆಯಿಂದ ಮನೆಗೆ ಹೊತ್ತುಕೊಂಡು ಹೋಗಿ ಮದುವೆಯ ಕಜ್ಜಾಯ, ಸೂತಕದ ಕಜ್ಜಾಯ, ಹೆಸರಿನ ಕಜ್ಜಾಯ ಕರಿಯಿತು. ಯಾವ ಬಾಣಲೆ ಅಂತ ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಅದನ್ನು ಬೂದಿ ಹಾಕಿ ಮೂರು ಸಲ ತಿಕ್ಕಿ ತೊಳೆದರಂತೆ. ಅಷ್ಟೇ.

ಅವರ ಕಥೆ ಅವರ ಒಲೆಯ ಮುಂದೆ ಆರಿತು. ನಮ್ಮ ಒಲೆಯ ಮೇಲೆ ಏನಿದೆಯೋ, ಎದ್ದು ನೋಡಿಕೊಳ್ಳಿ.